ಬ್ಯಾಟ್ರಿ ಆಟೋದ ರಸ್ತೆ ವಂತಿಗೆ

ನಿವೃತ್ತಳಾದ ಮೇಲೆ ರಾಯಚೂರಿನ ನಮ್ಮ ಮನೆಗೆ ಎರಡು ಥರದ ಜನ ಬರುತ್ತಾರೆ. ಬಿ.ಪಿ. ಗುಳಿಗೆ ನುಂಗಿದೆಯೋ ಇಲ್ಲವೋ ಎಂದು ವಿಚಾರಿಸುವ ನೆಂಟರು ಒಂದು ಕಡೆ, ರಸ್ತೆ ಕೆಲಸಕ್ಕೆ ಹೊಸದಾಗಿ ಸೇರಿಕೊಂಡ ಇಂಜಿನಿಯರ್ ಹುಡುಗ ಹುಡುಗಿಯರು ಇನ್ನೊಂದು ಕಡೆ. ನೆಂಟರಿಗೆ ಬರೀ ಚಹಾ. ಇಂಜಿನಿಯರುಗಳಿಗೆ ಚಹಾದ ಜೊತೆ ಮಂಡಕ್ಕಿ ಒಗ್ಗರಣಿ, ಮಿರ್ಚಿ. ಅವರ ಹತ್ತಿರ ಮಾತಿಗೆ ಕೂತರೆ ನನಗೆ ವಯಸ್ಸಾದದ್ದೇ ಮರೆತುಹೋಗುತ್ತದೆ.

ಈಚೆಗೆ ಅವರೆಲ್ಲ ತಿರುತಿರುಗಿ ಕೇಳುವ ಪ್ರಶ್ನೆ ಒಂದಿದೆ. ಪೆಟ್ರೋಲ್, ಡೀಸೆಲ್ ಹಾಕಿಸುವವರು ಪಂಪಿನಲ್ಲೇ ರಸ್ತೆಯ ಪಾಲು ಕೊಟ್ಟುಬಿಡುತ್ತಾರೆ, ಅದು ಬೆಲೆಯೊಳಗೇ ಸೇರಿರುತ್ತದೆ. ಬ್ಯಾಟರಿ ಗಾಡಿಯವರು ಪಂಪಿನ ಕಡೆ ತಲೆ ಹಾಕುವುದಿಲ್ಲ, ರಾತ್ರಿ ಮನೆಯ ಪ್ಲಗ್ಗಿಗೆ ಸಿಕ್ಕಿಸಿ ಮಲಗುತ್ತಾರೆ. ಹಾಗಾದರೆ ರಸ್ತೆಯ ಸವಕಳಿಗೆ ಅವರಿಂದ ಏನು ತಗೋಬೇಕು, ಹೇಗೆ ತಗೊಂಡರೆ ನ್ಯಾಯ?

ನನ್ನ ಹತ್ತಿರ ಇದಕ್ಕೆ ಉತ್ತರ ಇದೆ. ಗಟ್ಟಿಯಾಗಿಯೇ ಹೇಳುತ್ತೇನೆ, ಅನುಮಾನವಿಲ್ಲ. ಆ ಉತ್ತರದ ಅರ್ಧವನ್ನು ನಾನು ಮಾನ್ವಿಯ ರಸ್ತೆಯಲ್ಲಿ ಕಲಿತೆ. ಇನ್ನರ್ಧವನ್ನು ದೇವದುರ್ಗ ತಾಲೂಕಿನಲ್ಲಿ ಬ್ಯಾಟರಿ ಆಟೋ ಓಡಿಸುವ ಹುಲಿಗೆಮ್ಮ ಎಂಬ ಹೆಣ್ಣುಮಗಳು, ನಾನು ಬೇಡ ಬೇಡ ಎಂದರೂ, ನನ್ನ ತಲೆಗೆ ತುಂಬಿದಳು. ಅವಳ ಆಟೋ ಉಳಿಯುತ್ತದೋ ಇಲ್ಲವೋ ಎನ್ನುವಂಥ ಸಂದರ್ಭ ಅದು. ಆದರೆ ಮಾನ್ವಿಯದ್ದನ್ನು ಮೊದಲು ಹೇಳದಿದ್ದರೆ ಹುಲಿಗೆಮ್ಮನದು ಅರ್ಥವಾಗುವುದಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಭಾಗದಲ್ಲಿ ರಸ್ತೆ ಇಂಜಿನಿಯರ್ ಹೆಂಗಸೆಂದರೆ ನೋಡಲು ಬರುವವರಿದ್ದರು. ಡಾಂಬರಿನ ಡ್ರಮ್ಮಿನ ಕೆಳಗೆ ಸೌದೆ ಉರಿಯುತ್ತಿತ್ತು, ಕಾಲಿಗೆ ಗೋಣಿ ತಟ್ಟು ಸುತ್ತಿಕೊಂಡ ಆಳುಗಳು ಬಿಸಿ ಡಾಂಬರು ಸುರಿಯುತ್ತಿದ್ದರು, ನಾನು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುಂದೆ ನಿಂತಿರುತ್ತಿದ್ದೆ. ಈಗ ಯಂತ್ರ ಒಂದು ಕಡೆಯಿಂದ ಜಲ್ಲಿ ನುಂಗಿ ಇನ್ನೊಂದು ಕಡೆಯಿಂದ ರಸ್ತೆ ಹಾಸುತ್ತದೆ. ಹಳೆಯದೇ ಚೆನ್ನಾಗಿತ್ತು ಎಂದು ನಾನು ಎಂದೂ ಹೇಳುವುದಿಲ್ಲ. ಆ ಹೊಗೆ ಕುಡಿದವರು ಯಾರೂ ಹೇಳಲಿಕ್ಕಿಲ್ಲ.

ಮೊದಲ ಪೋಸ್ಟಿಂಗ್ ಮಾನ್ವಿ. ತುಂಗಭದ್ರೆಯ ದಂಡೆಯ ಚೀಕಲಪರ್ವಿ ಕಡೆಯ ರಸ್ತೆಯ ಒಂದು ಭಾಗವನ್ನು ಹೊಸದಾಗಿ ಮಾಡಬೇಕಿತ್ತು. ಅದಕ್ಕೆ ಮೊದಲು ಗಾಡಿ ಎಣಿಸಬೇಕು. ಬೇವಿನ ಮರದ ಕೆಳಗೆ ಇಬ್ಬರು ಗ್ಯಾಂಗ್‌ಮನ್‌ಗಳನ್ನು ಕೂಡ್ರಿಸಿದೆ. ಲಾರಿ ಹೋದರೆ ಒಂದು ಗೀಟು, ಬಸ್ಸು ಹೋದರೆ ಒಂದು ಗೀಟು, ಚಕ್ಕಡಿಗೆ ಬೇರೆ ಸಾಲು. ಎಣಿಕೆ ಮುಗಿದಾಗ ಹೋಗುವ ಗಾಡಿಗಳೂ ಬರುವ ಗಾಡಿಗಳೂ ಹೆಚ್ಚುಕಡಿಮೆ ಸಮ. ಹೋದದ್ದು ಬರಲೇಬೇಕಲ್ಲ! ರಸ್ತೆಯ ಎರಡೂ ಬದಿಗೆ ಒಂದೇ ದಪ್ಪ ಜಲ್ಲಿ ಹಾಕಿಸಿ, ರೋಲರ್ ಓಡಿಸಿ, ಮೇಲೆ ಡಾಂಬರು ಬಳಿಸಿದೆ. ನೋಡಿದವರು ಹೊಗಳಿದರು, ನಾನು ಉಬ್ಬಿದೆ.

ಒಂದು ಸುಗ್ಗಿ ಮುಗಿಯುವುದರೊಳಗೆ ನನ್ನ ಉಬ್ಬು ಇಳಿಯಿತು. ಊರಿನಿಂದ ಮಾನ್ವಿ ಕಡೆಗೆ ಹೋಗುವ ಬದಿ ಪೂರ್ತಿ ಕುಸಿದು ತೆಗ್ಗು ಬಿದ್ದಿತ್ತು. ಮಾನ್ವಿಯಿಂದ ಬರುವ ಬದಿ ಮದುವೆ ಮನೆಯ ಜಮಖಾನದ ಹಾಗೆ ನುಣ್ಣಗೆ ಇತ್ತು. ಎಲ್ಲರೂ ಒಳ್ಳೆಯ ಬದಿಯಲ್ಲೇ ಓಡಿಸತೊಡಗಿದರು, ಹೋಗುವವರೂ ಅಲ್ಲೇ, ಬರುವವರೂ ಅಲ್ಲೇ. ಬಸ್ಸಿನ ಡ್ರೈವರೂ ಟ್ರ್ಯಾಕ್ಟರಿನವನೂ ಮುಖಾಮುಖಿ ನಿಂತು, ನೀ ಸರಿ, ನೀ ಸರಿ ಎಂದು ಜಗಳ. ಜಗಳದ ಕೊನೆಗೆ ಇಬ್ಬರೂ ಸೇರಿ ಬೈಯುತ್ತಿದ್ದದ್ದು ರಸ್ತೆ ಮಾಡಿಸಿದ ಹೆಣ್ಣುಮಗಳನ್ನು.

ನನ್ನ ಮೇಲಧಿಕಾರಿ ಖಾದರ್ ಸಾಹೇಬರು ಜೀಪಿನಲ್ಲಿ ಬಂದರು. ಬಿಳಿ ಗಡ್ಡ, ಸಿಟ್ಟು ಬಂದರೆ ದನಿ ಇನ್ನೂ ಸಣ್ಣಗಾಗುವ ಮನುಷ್ಯ. ರಸ್ತೆಯ ಎರಡೂ ಬದಿಯನ್ನು ನೋಡಿ ಕೇಳಿದರು: "ಬೇಟಿ, ಹೋಗೋ ಗಾಡ್ಯಾಗ ಏನು ಹೋಗ್ತದ?"

"ಭತ್ತ ಹೋಗ್ತದ ಸಾಹೇಬ್ರ. ಮಿಲ್ಲಿಗೆ."

"ಬರೋ ಗಾಡ್ಯಾಗ?"

ನಾನು ತಿರುಗಿ ನುಣ್ಣಗಿದ್ದ ಬದಿಯನ್ನು ನೋಡಿದೆ. ಬರುವ ಗಾಡಿಗಳು ಖಾಲಿ.

"ನೀ ಎಣಿಸಿದ್ದು ಗಾಡಿ. ರಸ್ತಾ ಹೊತ್ತಿದ್ದು ಭಾರ," ಎಂದರು. ಅಷ್ಟಕ್ಕೇ ಬಿಡುವ ಗಿರಾಕಿಯಲ್ಲ ಅವರು. ಪಕ್ಕದಲ್ಲಿ ನೀರು ಹೊಡೆದಿಟ್ಟಿದ್ದ ಹಸಿ ಮರಂ ಮಣ್ಣು ಇತ್ತು. ಅದರ ಮೇಲೆ ಜೀಪಿನ ಡ್ರೈವರನನ್ನು ಬರಿಗಾಲಿನಲ್ಲಿ ನಡೆಸಿದರು. ಆಮೇಲೆ ಅವನ ಹೆಗಲಿಗೆ ಒಂದು ಸಿಮೆಂಟ್ ಚೀಲ ಹೊರಿಸಿ ಮತ್ತೆ ನಡೆಸಿದರು. ಎರಡನೇ ಸಲದ ಹೆಜ್ಜೆ ಎರಡು ಪಟ್ಟು ಆಳವಲ್ಲ, ಪಾದವೇ ಮುಚ್ಚಿಹೋಗುವಷ್ಟು ಆಳ. ಡ್ರೈವರ್ ಮಾತ್ರ, ರಸ್ತೆ ಪಾಠಕ್ಕೆ ನನ್ನ ಸೊಂಟವೇ ಬೇಕಾಗಿತ್ತೇ ಎಂದು ಗೊಣಗುತ್ತ ಚೀಲ ಇಳಿಸಿದ.

ಕಾಲೇಜಿನಲ್ಲಿ ಇದನ್ನು ಓದಿದ್ದೆ. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಯ ಸವೆತ ಸುಮಾರು ಹದಿನಾರು ಪಟ್ಟು ಎಂಬ ಲೆಕ್ಕ ಪರೀಕ್ಷೆಯಲ್ಲೂ ಬಂದಿತ್ತು. ಪರೀಕ್ಷೆಯಲ್ಲಿ ಬರೆದು ಪಾಸಾದದ್ದು ಆ ಹಸಿ ಮರಮ್ಮಿನ ಮೇಲೆ ಕಣ್ಣಿಗೆ ಕಂಡಿತು. ಹೊಸಬರೇ, ಗಾಡಿ ಎಣಿಸುವ ಕೆಲಸ ಈಗ ಕ್ಯಾಮೆರಾ ಮಾಡುತ್ತದೆ, ಒಳ್ಳೆಯದೇ. ಆದರೆ ಗಾಡಿಯ ಹೊಟ್ಟೆಯೊಳಗೆ ಏನಿದೆ ಎಂದು ನೀವೇ ಇಳಿದು ಹೋಗಿ ಕೇಳಬೇಕು.

ಇಲ್ಲಿಂದ ನಡುವಿನ ವರ್ಷಗಳನ್ನು ಹಾರಿಸುತ್ತೇನೆ. ಬಡ್ತಿ, ವರ್ಗಾವಣೆ, ಸನ್ಮಾನದ ಶಾಲು ಇವುಗಳಿಂದ ಯಾರಿಗೂ ಏನೂ ಕಲಿಯಲಿಕ್ಕಿಲ್ಲ. ಶಾಲುಗಳನ್ನು ನಾನು ಚಳಿಗಾಲದಲ್ಲಿ ನೆರೆಮನೆಯವರಿಗೆ ಕೊಟ್ಟುಬಿಟ್ಟಿದ್ದೇನೆ.

ಸೇವೆಯ ಕೊನೆಯ ದಿನಗಳಲ್ಲಿ ಬ್ಯಾಟರಿ ಗಾಡಿಗಳು ಬಂದವು. ರಾಯಚೂರಿನಲ್ಲಿ ಒಮ್ಮೆ ಸಭೆ ಸೇರಿತ್ತು. ಊರೂರಿನಿಂದ ಬಂದ ಇಂಜಿನಿಯರುಗಳು, ಎದುರಿಗೆ ಒಬ್ಬ ದೊಡ್ಡ ಅಧಿಕಾರಿ. ಬ್ಯಾಟರಿ ಗಾಡಿಯವರಿಂದ ರಸ್ತೆಯ ಪಾಲು ಹೇಗೆ ತಗೋಬೇಕು ಎಂದು ಎಲ್ಲರ ಅಭಿಪ್ರಾಯ ಕೇಳುತ್ತಿದ್ದರು. ಅಧಿಕಾರಿಗೆ ತಾನೇ ಉತ್ತರ ಕಂಡುಕೊಂಡ ಸಂಭ್ರಮ. "ಬಹಳ ಸುಲಭ. ಕರೆಂಟ್ ಬಿಲ್ಲಿನಲ್ಲೇ ಸೇರಿಸಿಬಿಡೋಣ," ಎಂದರು.

ನಾನು ಎದ್ದೆ. "ಸರ್, ನಮ್ಮ ಓಣಿಯಲ್ಲಿ ಒಬ್ಬರ ಮನೆಯಲ್ಲಿ ಆಟೋನೂ ಅದೇ ಮೀಟರಿನಲ್ಲಿ ಚಾರ್ಜ್ ಆಗುತ್ತೆ, ಹಿಟ್ಟಿನ ಗಿರಣಿನೂ ಅದೇ ಮೀಟರಿನಲ್ಲಿ ಓಡುತ್ತೆ. ಗಿರಣಿ ರಸ್ತೆ ಮೇಲೆ ಬರೋದಿಲ್ಲ ಸರ್."

ಸಭೆ ನಕ್ಕಿತು, ಅಧಿಕಾರಿ ನಗಲಿಲ್ಲ. ಇನ್ನೊಬ್ಬರು ಎದ್ದು, ವರ್ಷಕ್ಕೊಮ್ಮೆ ಎಲ್ಲರಿಂದ ಒಂದೇ ಮೊತ್ತ ತಗೊಂಡರಾಯಿತು ಎಂದರು. ಹಾಗಾದರೆ ಭಾನುವಾರ ಗುಡಿಗೆ ಹೋಗಲು ಮಾತ್ರ ಗಾಡಿ ತೆಗೆಯುವ ಮುದುಕನೂ, ದಿನವಿಡೀ ಸರಕು ಹೊರುವವನೂ ಒಂದೇ ಆದರು. ಮತ್ತೊಬ್ಬರು ಪ್ರತಿ ಗಾಡಿಗೂ ಉಪಗ್ರಹದ ಮೂಲಕ ಕಣ್ಣಿಡುವ ಯಂತ್ರ ಹಾಕಿ, ಓಡಿದಷ್ಟಕ್ಕೆ ವಸೂಲು ಮಾಡೋಣ ಎಂದರು. ಯಾರು ಯಾವಾಗ ಎಲ್ಲಿಗೆ ಹೋದರು ಎಂಬುದನ್ನೆಲ್ಲ ಸರ್ಕಾರ ತಿಳಿದುಕೊಂಡು ಏನು ಮಾಡಬೇಕು? ವರ್ಷಕ್ಕೊಮ್ಮೆ ಗಾಡಿ ತಪಾಸಣೆಗೆ ಬಂದಾಗ ಮೀಟರ್ ನೋಡಿದರೆ ಎಷ್ಟು ಓಡಿದೆ ಎಂದು ಗೊತ್ತಾಗುತ್ತದೆ. ಅದಕ್ಕೆ ಗಾಡಿಯ ಭಾರ ಸೇರಿಸಿ. ಭಾರ ಮತ್ತು ಓಡಾಟ, ಇವೆರಡೇ ನ್ಯಾಯ ಎಂದು ನಾನು ಹೇಳಿ ಕೂತೆ. ಪೆಟ್ರೋಲಿನ ತೆರಿಗೆ ಇಷ್ಟು ಕಾಲ ನಡೆದದ್ದೂ ಅದಕ್ಕೇ. ಭಾರದ ಗಾಡಿ ಹೆಚ್ಚು ಕುಡಿಯುತ್ತಿತ್ತು, ಹೆಚ್ಚು ಓಡಿದ್ದೂ ಹೆಚ್ಚು ಕುಡಿಯುತ್ತಿತ್ತು, ಯಾರೂ ತಕ್ಕಡಿ ಹಿಡಿಯದೆಯೇ ಒರಟೊರಟಾಗಿ ಲೆಕ್ಕ ಸರಿಹೋಗುತ್ತಿತ್ತು.

ಅಧಿಕಾರಿ, ನಿಮ್ಮ ಅಭಿಪ್ರಾಯ ಬರೆದುಕೊಂಡಿದ್ದೇವೆ ಎಂದರು. ಊಟ ಚೆನ್ನಾಗಿತ್ತು.

ನನ್ನ ಕೊನೆಯ ಪೋಸ್ಟಿಂಗ್ ದೇವದುರ್ಗ. ಗಬ್ಬೂರಿನಿಂದ ಆಚೆ ಒಂದು ಊರು, ಹೆಸರು ಹೇಳುವುದಿಲ್ಲ. ಬಸ್ಸು ಓಡುವ ದೊಡ್ಡ ರಸ್ತೆಯಿಂದ ಊರಿಗೆ ಒಂದು ಕೂಡು ರಸ್ತೆ. ಮೊದಲು ಆಟೋ ನಿಲ್ಲುವ ಜಾಗ, ಆಮೇಲೆ ಊರ ಹಿರಿಯ ಬಸನಗೌಡರ ಮನೆ, ಆಮೇಲೆ ಪೇಟೆ, ಕಟ್ಟಕಡೆಗೆ ಕೂಲಿಯವರ ಕೇರಿ. ಎಲ್ಲ ಕಪ್ಪು ಎರೆ ಭೂಮಿ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಮೇಲಿನ ರಸ್ತೆಯನ್ನು ನಿಲ್ಲಗೊಡುವುದಿಲ್ಲ. ಸರ್ಕಾರದ ಅನುದಾನ ಬರುವುದು ತಡವಾದಾಗ ಊರವರೇ ವಂತಿಗೆ ಎತ್ತಿ ತೆಗ್ಗು ತುಂಬಿಸಿಕೊಳ್ಳುತ್ತಿದ್ದರು. ರೋಲರ್ ಕಳಿಸುವುದು, ಕೆಲಸ ನೋಡಿಕೊಳ್ಳುವುದು ನನ್ನ ಪಾಲು.

ವಂತಿಗೆ ಎಂದರೆ ಆ ಊರಲ್ಲಿ ಸಣ್ಣ ಸಂಗತಿಯಲ್ಲ. ಗುಡಿಯದಿರಲಿ, ರಸ್ತೆಯದಿರಲಿ, ಕೊಟ್ಟವರ ಹೆಸರನ್ನು ಕಟ್ಟೆಯ ಮೇಲೆ ನಿಂತು ತಳವಾರ ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳುತ್ತಾನೆ. ಹೆಸರು ಕೂಗಿಸಿಕೊಂಡವರು ಕೆಲಸ ನಡೆಯುವಾಗ ಮುಂದೆ ನಿಂತು, ಹೀಗೆ ಮಾಡು, ಹಾಗೆ ಮಾಡು ಎನ್ನಬಹುದು. ಕೇರಿಯವರಿಂದ ಮಾತ್ರ ವಂತಿಗೆ ಎತ್ತುವ ರೂಢಿ ಇರಲಿಲ್ಲ. ಪಾಪ, ಬಡವರು, ಅವರನ್ನೇನು ಕೇಳುವುದು ಎಂದು ಊರವರು ನನಗೆ ಹೇಳಿದ್ದರು. ನಾನೂ ಅದನ್ನು ಹೌದೆಂದುಕೊಂಡಿದ್ದೆ.

ಹುಲಿಗೆಮ್ಮ ಆ ಕೇರಿಯವಳು. ನಡು ವಯಸ್ಸು, ಜೋರು ಬಾಯಿ, ಗಂಡನಿಲ್ಲ, ಕಾಲೇಜಿಗೆ ಹೋಗುವ ಮಗಳಿದ್ದಾಳೆ. ಬೆಳಿಗ್ಗೆ ಹತ್ತಿ ಬಿಡಿಸುವ ಹೆಂಗಸರನ್ನು ಹೊಲಕ್ಕೆ ಬಿಡುವುದು, ಆಮೇಲೆ ಹುಡುಗಿಯರನ್ನು ದೊಡ್ಡ ರಸ್ತೆಯ ಬಸ್ಸಿಗೆ ಮುಟ್ಟಿಸುವುದು ಅವಳ ಕೆಲಸ. ಬ್ಯಾಟರಿ ಆಟೋ ಬಂದ ಮೇಲೆ ಕೂಲಿಗೆ ಹೋಗುವುದನ್ನು ಬಿಟ್ಟಿದ್ದಳು. ಅವಳನ್ನು ನೋಡಿ ಕೇರಿಯ ಇನ್ನೂ ಕೆಲವರು ಆಟೋ ತಂದಿದ್ದರು.

ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಸಭೆ ಸೇರಿತು, ನನ್ನನ್ನೂ ಕರೆಸಿದರು. ಬಸನಗೌಡರು ಮಾತು ತೆಗೆದರು.

"ನೋಡ್ರಿ ಮೇಡಂ. ಟ್ರ್ಯಾಕ್ಟರಿನವ್ರು ಡೀಸೆಲ್ ಹಾಕಸ್ತಾರ, ಅದರಾಗ ರಸ್ತಾದ ತೆರಿಗಿ ಹೋಗ್ತದ. ಈ ಬ್ಯಾಟ್ರಿ ಆಟೋದವ್ರು ಮನ್ಯಾಗ ಚಾರ್ಜ್ ಹಾಕ್ಕೊಂಡು ಪುಗಸಟ್ಟಿ ಓಡಾಡಾಕತ್ತಾರ. ಈ ಸಲದ ರಸ್ತಾ ವಂತಿಗಿ ಪೂರಾ ಅವ್ರೇ ಕೊಡ್ಲಿ. ಆಗಂಗಿಲ್ಲ ಅಂದ್ರ ವಾರಕ್ಕೊಮ್ಮೆ ಬುಟ್ಟಿ ಹಿಡಕೊಂಡು ಬಂದು ಮರಂ ಹಾಕ್ಲಿ."

ಕೆಳಗೆ ನಿಂತಿದ್ದ ಹುಲಿಗೆಮ್ಮ ಕೂಗಿದಳು. "ಪೂರಾ ನಾವೇ ಕೊಡಬೇಕಂದ್ರ ಆಟೋ ಮಾರಿ ಮತ್ತ ಹತ್ತಿ ಬಿಡ್ಸಾಕ ಹೋಗ್ಬೇಕಾಗ್ತದ್ರಿ ಗೌಡ್ರ!"

ನನಗೆ ಬೆಂಕಿ ಹತ್ತಿದ್ದು ಬುಟ್ಟಿಯ ಮಾತಿಗೆ. ನನ್ನ ತಾತ ಮಾನ್ವಿಯ ಕಡೆ ಬಿಟ್ಟಿ ಚಾಕರಿ ಮಾಡಿದವನು. ಕರೆದಾಗ ಹೋಗಬೇಕು, ಕೂಲಿ ಕೇಳುವ ಹಾಗಿಲ್ಲ. ನಮ್ಮಪ್ಪ ಆ ಊರನ್ನೇ ಬಿಟ್ಟು ಬಂದು, ಮನೆಯಲ್ಲಿ ಬುದ್ಧನ ಪಟ ಹಾಕಿ, ನಮ್ಮನ್ನು ಓದಿಸಿದ್ದು ಇನ್ನೊಬ್ಬರು ಬುಟ್ಟಿ ಕೊಟ್ಟು ನಡೆ ಎನ್ನಬಾರದೆಂದು.

"ಗೌಡ್ರ, ಬುಟ್ಟಿ ಮಾತು ಇನ್ನೊಂದ್ಸಲ ಎತ್ತಬ್ಯಾಡ್ರಿ," ಎಂದೆ. "ಕೂಲಿ ಇಲ್ಲದ ಕೆಲಸಕ್ಕ ನನ್ನ ರೋಲರ್ ಬರಂಗಿಲ್ಲ. ವಂತಿಗಿ ವಿಚಾರ ಬೇಕಂದ್ರ ಮಾತಾಡೋಣು."

ಮೂಲೆಯಲ್ಲಿ ಕೂತಿದ್ದ ಮುದುಕ ಈರಣ್ಣ ಗಂಟಲು ಸರಿಮಾಡಿಕೊಂಡ. ಅವನು ಹಿಂದೆ ಚಕ್ಕಡಿ ಬಾಡಿಗೆಗೆ ಹೊಡೆಯುತ್ತಿದ್ದವನು. "ಹಿಂದಕ್ಕ ನಮ್ಮ ಚಕ್ಕಡಿಗೂ ತೆರಿಗಿ ಇತ್ರೀ ಯವ್ವಾ. ಕಟ್ಟಿದವ್ರ ಚಕ್ಕಡಿಗೆ ತಗಡಿನ ಬಿಲ್ಲಿ ಹೊಡೀತಿದ್ರು. ಎತ್ತು ಪೆಟ್ರೋಲ್ ಕುಡೀತಿದ್ವೇನು? ಕಬ್ಬಿಣದ ಪಟ್ಟಿ ಗಾಲಿ ರಸ್ತಾ ಕೊಯ್ತಿತ್ತು, ಅದಕ್ಕ ಕಟ್ತಿದ್ವಿ."

ಈ ಮುದುಕನನ್ನು ಅಂದು ರಾಯಚೂರಿನ ಸಭೆಗೆ ಕರೆದುಕೊಂಡು ಹೋಗಬೇಕಾಗಿತ್ತು ಎನಿಸಿತು. "ಹಂಗಾದ್ರ ರಸ್ತಾ ಕೊಯ್ಯೋರ್ನ ನೋಡೋಣು," ಎಂದೆ. "ಊರ ಪಕ್ಕದ ಹತ್ತಿ ಮಿಲ್ಲಿನಾಗ ವೇಬ್ರಿಜ್ ಅದ. ಈ ರಸ್ತಾದಾಗ ಓಡೋ ಗಾಡಿ ಎಲ್ಲಾ ತೂಗ್ರಿ. ಗೌಡ್ರ, ನಿಮ್ದೂ ತರ್ರಿ."

"ನಂದ್ಯಾಕ?"

"ನಿಮ್ದೂ ಬ್ಯಾಟ್ರಿ ಗಾಡಿ ಅಲ್ಲೇನ್ರಿ?"

ಕಟ್ಟೆಯ ತುಂಬ ನಗೆ. ಗೌಡರು ಹೋದ ದೀಪಾವಳಿಗೆ ರಾಯಚೂರಿನಿಂದ ಹೊಸ ಬ್ಯಾಟರಿ ಕಾರು ತಂದು, ಅದಕ್ಕೆ ಕುಂಬಳಕಾಯಿ ಒಡೆದದ್ದನ್ನು ಇಡೀ ಊರು ನೋಡಿತ್ತು. "ಅದು ಕಾರ್‌ರೀ, ಆಟೋ ಅಲ್ಲಲ್ಲ," ಎಂದರು ಗೌಡರು. ತಾವೇ ಹೇಳಿದ್ದು ತಮ್ಮ ಕಿವಿಗೇ ಬಿದ್ದು ಅವರಿಗೂ ನಗು ಬಂತು. ಮನುಷ್ಯ ಕೆಟ್ಟವನಲ್ಲ, ರೂಢಿ ಬಿಟ್ಟು ಯೋಚನೆ ಮಾಡಿದವನಲ್ಲ ಅಷ್ಟೇ.

ಮರುದಿನ ವೇಬ್ರಿಜ್ ಹತ್ತಿರ ಜಾತ್ರೆಯಷ್ಟು ಜನ. ಹುಲಿಗೆಮ್ಮನ ಆಟೋ ಮೊದಲು ಏರಿತು, ಹತ್ತಿ ಬಿಡಿಸುವ ಹೆಂಗಸರನ್ನು ದಿನದ ಹಾಗೇ ತುಂಬಿಕೊಂಡು. "ಒಟ್ಟು ತೂಕ ಹೇಳ್ರಿ, ನನ್ನೊಬ್ಬಾಕಿದು ಹೇಳಿದ್ರ ನೋಡ್ರಿ ಮತ್ತ!" ಎಂದು ಒಬ್ಬ ದಪ್ಪನೆಯ ಹೆಂಗಸು ಮಿಲ್ಲಿನವನನ್ನು ಗದರಿಸಿದಳು. ಆಮೇಲೆ ಗೌಡರ ಕಾರು ಏರಿತು, ಒಳಗೆ ಗೌಡರೊಬ್ಬರೇ. ಹೆಂಗಸರನ್ನೆಲ್ಲ ಹೊತ್ತ ಆಟೋಕ್ಕಿಂತ ಅವರ ಕಾರಿನ ಭಾರ ಎಷ್ಟೋ ಹೆಚ್ಚು. ಬ್ಯಾಟರಿಯೇ ಅಷ್ಟು ಭಾರ ಇರುತ್ತದೆ. ಗೌಡರು ಇಳಿದು ಬಂದು ಚೀಟಿಯನ್ನು ಎರಡು ಸಲ ನೋಡಿ, ಮುಂಜಾನೆ ನಾಷ್ಟಾ ಸ್ವಲ್ಪ ಜಾಸ್ತಿಯಾಗಿತ್ತು ಎಂದರು. ಕೊನೆಗೆ ಹೊಳೆ ಮರಳು ತುಂಬಿದ ಟ್ರ್ಯಾಕ್ಟರ್ ಟ್ರೇಲರ್ ಏರಿದಾಗ ಯಾರೂ ನಗಲಿಲ್ಲ. ಭಾರದಿಂದ ಸವೆತಕ್ಕೆ ಹೇಗೆ ಲೆಕ್ಕ ಹಾಕುತ್ತಾರೆಂದು ನಾನು ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದೆ. ಆ ಒಂದು ಟ್ರೇಲರ್ ಒಮ್ಮೆ ಹೋದರೆ ಆಗುವ ಸವೆತಕ್ಕೆ ಆಟೋ ಬಹಳ ಬಹಳ ದಿನ ಓಡಾಡಬೇಕಾಗಿತ್ತು.

ಟ್ರೇಲರಿನವರು ಡೀಸೆಲ್ಲಿನಲ್ಲಿ ಕೊಟ್ಟಿದ್ದೇವೆ ಎಂದು ವಾದ ಮಾಡಿದರು. ಕೊಟ್ಟದ್ದು ನಿಜ, ಆದರೆ ಆ ಹಣ ದೊಡ್ಡ ರಸ್ತೆಗಳಿಗೆ ಹೋಗುತ್ತದೆ, ಈ ಕೂಡು ರಸ್ತೆಯನ್ನು ಒಡೆದದ್ದಕ್ಕೆ ಇಲ್ಲಿ ಬೇರೆ ಕೊಡಬೇಕು ಎಂದೆ. ಬೈದರು, ಗೊಣಗಿದರು, ಒಪ್ಪಿದರು. ಮುರಿದ ರಸ್ತೆಯಲ್ಲಿ ಅಚ್ಚು ಮುರಿಸಿಕೊಂಡು ಗ್ಯಾರೇಜಿಗೆ ಸುರಿಯುವವರೂ ಅವರೇ ಆಗಿದ್ದರು.

ಮುಂದಿನ ಸಭೆಯಲ್ಲಿ ನಾನು ಖುಷಿಯಿಂದ ತೀರ್ಪು ಹೇಳಿದೆ. ಟ್ರೇಲರಿನವರದು ದೊಡ್ಡ ಪಾಲು, ಅವರಲ್ಲೂ ಹೆಚ್ಚು ಓಡಿಸುವವರದು ಹೆಚ್ಚು. ಕಾರಿನವರದು ಅದಕ್ಕಿಂತ ಬಹಳ ಕಡಿಮೆ. ಬ್ಯಾಟರಿ ಆಟೋದವರ ಪಾಲು ಲೆಕ್ಕಕ್ಕೆ ಸಿಗದಷ್ಟು ಚಿಕ್ಕದು, ಅದನ್ನು ವಸೂಲು ಮಾಡುವ ಖರ್ಚೇ ಹೆಚ್ಚಾಗುತ್ತದೆ, ಆದ್ದರಿಂದ ಅವರಿಗೆ ಮಾಫಿ.

ಕೇರಿಯವರು ಚಪ್ಪಾಳೆ ತಟ್ಟುತ್ತಾರೆಂದು ನಾನು ತಿಳಿದಿದ್ದೆ. ಹುಲಿಗೆಮ್ಮ ಮುಂದೆ ಬಂದಳು.

"ಮೇಡಂ, ನಮಗ ಮಾಫಿ ಬ್ಯಾಡ್ರಿ. ನಮ್ದೂ ಹಾಕ್ರಿ."

"ನಿನ್ನ ಸಲುವಾಗೇ ಇಷ್ಟು ಬಡದಾಡೀನಿ ಹುಲಿಗೆಮ್ಮಾ," ಎಂದೆ. ಸಿಟ್ಟು ಬಂದಿತ್ತು, ಮುಚ್ಚಿಡುವುದೇಕೆ. "ನಿನ್ನ ಆಟೋದಿಂದ ರಸ್ತಾಕ್ಕ ಏನೂ ಆಗಂಗಿಲ್ಲ. ತೂಗಿ ತೋರ್ಸೀನಿ. ನಮ್ಮ ಮಂದಿ ಕೊಟ್ಟಿದ್ದು ಸಾಕು, ಇನ್ನ ಯಾಕ ಕೊಡ್ಬೇಕು?"

"ನಮ್ಮ ಮಂದಿ ಕೆಲಸ ಕೊಟ್ಟಾರ್ರಿ, ಬೆವರು ಕೊಟ್ಟಾರ. ವಂತಿಗಿ ಎಂದು ಕೊಟ್ಟಾರ? ಯಾರು ತಗೊಂಡಾರ?" ಅವಳು ಕಟ್ಟೆಯ ಕಡೆ ಕೈ ಮಾಡಿದಳು. "ಗುಡಿ ವಂತಿಗಿ ನಮ್ಮಿಂದ ತಗೊಳ್ಳಂಗಿಲ್ಲ. ತಗೊಂಡ್ರ ನಮ್ಮ ಹೆಸರು ಕೂಗ್ಬೇಕಾಗ್ತದ, ಕೂಗಿದ್ರ ನಾವು ಮುಂದ ಬಂದು ನಿಂದರ್ತೀವಿ. ಅದಕ್ಕ, ಬಡವ್ರು ಪಾಪ ಅಂತಾರ. ಕೇರಿ ರಸ್ತಾ ಯಾಕ ಮಾಡಂಗಿಲ್ಲ ಅಂತ ಪ್ರತಿ ಸಲ ಕೇಳೀನಿ. ನೀವೇನು ಕೊಟ್ಟೀರಿ ಅಂತ ಕೇಳ್ಯಾರ. ಈಗ ನೀವೂ ಮಾಫಿ ಅಂದ್ರ, ಮುಂದಿನ ಸಲಾನೂ ಅದನ್ನ ಕೇಳ್ತಾರ್ರಿ."

ರಸ್ತೆಯ ಭಾರದ ಲೆಕ್ಕ ನನ್ನದು ಸರಿಯಾಗಿಯೇ ಇತ್ತು, ಈಗಲೂ ಅದರಲ್ಲಿ ಒಂದಕ್ಷರ ಬದಲಿಸುವುದಿಲ್ಲ. ಆದರೆ ನಾನು ಕೊಡುವುದನ್ನು ಬರೀ ಹೊರೆ ಎಂದುಕೊಂಡಿದ್ದೆ. ತಾತನ ಬಿಟ್ಟಿ ಚಾಕರಿ ಕಣ್ಣ ಮುಂದಿದ್ದದ್ದರಿಂದ ನನಗೆ ಹಾಗೆ ಕಂಡಿತ್ತು. ಅವಳಿಗೆ ಕೊಡುವುದೆಂದರೆ ಊರ ರಸ್ತೆಯಲ್ಲಿ ಪಾಲು.

"ಎಷ್ಟು ಕೊಡ್ತಿ?" ಎಂದು ಗೌಡರು ಕೇಳಿದರು. ದನಿಯಲ್ಲಿ ಅಳುಕಿತ್ತು. ಅವಳದನ್ನು ತಗೊಂಡರೆ ಏನಾಗುತ್ತದೆ ಎಂಬುದು ಅವರಿಗೂ ಚೆನ್ನಾಗಿ ಗೊತ್ತಿತ್ತು.

"ನಾ ಯಾಕ ಹೇಳ್ಲಿ? ಮೇಡಂ ತೂಗ್ಯಾರಲ್ಲ. ಟ್ರೇಲರಿಗೆ ಯಾವ ಲೆಕ್ಕ, ನಿಮ್ಮ ಕಾರಿಗೆ ಯಾವ ಲೆಕ್ಕ, ನನಗೂ ಅದ ಲೆಕ್ಕ. ಒಂದು ಪೈಸಾ ಹೆಚ್ಚೂ ಬ್ಯಾಡ, ಕಡಿಮಿನೂ ಬ್ಯಾಡ."

ಗೌಡರು ನನ್ನನ್ನು ನೋಡಿದರು. ನಾನು ಈರಣ್ಣನನ್ನು ನೋಡಿದೆ. ಮುದುಕ ಕೂತಲ್ಲಿಂದಲೇ ಹೇಳಿದ: "ಬಸನಗೌಡ, ಗಾಡಿ ಓಡ್ತದಂದ್ರ ತಗೋಬೇಕಪ್ಪ. ನನ್ನ ಎತ್ತಿನ ಜಾತಿ ಯಾರೂ ಕೇಳಿದ್ದಿಲ್ಲ."

ಅವತ್ತು ತಳವಾರ ಕಟ್ಟೆಯ ಮೇಲೆ ನಿಂತು ಹೆಸರು ಕೂಗಿದ. ಟ್ರೇಲರಿನವರ ಹೆಸರು, ಗೌಡರ ಹೆಸರು, ಆಮೇಲೆ ಒಮ್ಮೆ ಗೌಡರ ಕಡೆ ನೋಡಿ, "ಹುಲಿಗೆಮ್ಮ, ಬ್ಯಾಟ್ರಿ ಆಟೋ, ರಸ್ತಾ ವಂತಿಗಿ!" ಅವಳ ಹಿಂದೆ ಉಳಿದ ಆಟೋದವರ ಹೆಸರುಗಳು. ಕೇರಿಯ ಹೆಂಗಸರು ಕಟ್ಟೆಯ ಕೆಳಗೆ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ಕೇಳುತ್ತಿದ್ದರು. ನನಗೆ ಬಹಳ ಖುಷಿಯಾಯಿತು. ನನಗೆ ಹಾಕಿದ ಯಾವ ಶಾಲೂ ಅಷ್ಟು ಖುಷಿ ಕೊಟ್ಟಿರಲಿಲ್ಲ.

ಆದ್ದರಿಂದ ಹೊಸಬರು ಕೇಳಿದಾಗ ಹೀಗೆ ಹೇಳುತ್ತೇನೆ. ಬ್ಯಾಟರಿ ಗಾಡಿಯವರಿಂದ ತಗೊಳ್ಳಿ, ಭಾರಕ್ಕೂ ಓಡಾಟಕ್ಕೂ ತಕ್ಕಷ್ಟೇ ತಗೊಳ್ಳಿ. ಕರೆಂಟ್ ಬಿಲ್ಲಿನಲ್ಲಿ ಮುಚ್ಚಿಟ್ಟು ತಗೋಬೇಡಿ, ಕೊಟ್ಟವರಿಗೆ ತಾವು ಕೊಟ್ಟದ್ದು ಗೊತ್ತಿರಬೇಕು. ಹಗುರ ಗಾಡಿಯವರಿಗೆ ಹಗುರ ಪಾಲು ಹಾಕಿ, ಆದರೆ ಕರುಣೆಯಿಂದ ಅವರನ್ನು ಹೊರಗಿಡಬೇಡಿ. ಹೊರಗಿಟ್ಟವರ ರಸ್ತೆಯನ್ನು ಯಾರೂ ಮಾಡುವುದಿಲ್ಲ.

ಮಳೆ ಒಂದು ದಿನ ಬಿಡುವು ಕೊಟ್ಟಾಗ ಕೆಲಸಕ್ಕೆ ಹೋದೆ. ತುಂಬಬೇಕಾದ ತೆಗ್ಗಿನ ಸುತ್ತ ಸುಣ್ಣದಿಂದ ಚೌಕ ಹಾಕುತ್ತ ನಡೆಯುವುದು ನಮ್ಮ ಪದ್ಧತಿ. ಚೌಕ ಬಿದ್ದ ತೆಗ್ಗಿಗೆ ಮಾತ್ರ ಜಲ್ಲಿ ಬೀಳುತ್ತದೆ. ಗ್ಯಾಂಗ್‌ಮನ್ ಸುಣ್ಣದ ಬುಟ್ಟಿ ಹಿಡಿದಿದ್ದ, ವಂತಿಗೆ ಕೊಟ್ಟವರು ಹಿಂದೆ ಹಿಂದೆ ಬರುತ್ತಿದ್ದರು. ಆಟೋ ನಿಲ್ಲುವ ಜಾಗ ಮುಗಿಯಿತು, ಗೌಡರ ಮನೆ ದಾಟಿತು, ಪೇಟೆ ದಾಟಿತು. ಕೇರಿಯ ಬಾಯಿಗೆ ಬಂದಾಗ ಗ್ಯಾಂಗ್‌ಮನ್ ರೂಢಿಯಂತೆ ಬುಟ್ಟಿ ಕೆಳಗಿಟ್ಟು ಕೈ ಒರೆಸಿಕೊಂಡ. ಊರವರೂ ರೂಢಿಯಂತೆ ಹಿಂದಕ್ಕೆ ತಿರುಗಿದರು.

"ಮೇಡಂ," ಎಂದಳು ಹುಲಿಗೆಮ್ಮ, ಎಲ್ಲರಿಗೂ ಕೇಳುವ ಹಾಗೆ. "ರಸ್ತಾ ಇನ್ನೂ ಅದ್ರಿ."

ನಾನು ಬುಟ್ಟಿ ಎತ್ತಿಕೊಂಡು ಕೇರಿಯೊಳಗೆ ನಡೆದೆ. ಮೊದಲ ತೆಗ್ಗಿಗೆ ಚೌಕ ಎಳೆದೆ, ಎರಡನೆಯದಕ್ಕೆ ಎಳೆದೆ. ಬಾಗಿಲು ಬಾಗಿಲಿಗೂ ಜನ ಬಂದು ನಿಂತಿದ್ದರು. ಹಿಂದೆ ಏನೋ ಸದ್ದಾಯಿತೆಂದು ತಿರುಗಿದರೆ ಬಸನಗೌಡರು ಧೋತರದ ಚುಂಗು ಎತ್ತಿ ಹಿಡಿದು, ಕೆಸರು ನೀರು ನಿಂತ ದಾರಿಯಲ್ಲಿ ಕಾಲಿಡಲು ಜಾಗ ಹುಡುಕುತ್ತ ಬರುತ್ತಿದ್ದರು. ಹುಲಿಗೆಮ್ಮ ಓಡಿಹೋಗಿ ಅವರಿಗೆ ಕೈ ಕೊಟ್ಟಳು. ಒಂದು ಗಳಿಗೆ ಆ ಕೈಯನ್ನು ನೋಡಿ, ಗೌಡರು ಹಿಡಿದುಕೊಂಡರು.

"ಹುಷಾರ್ರಿ ಗೌಡ್ರ," ಎಂದಳು, "ಇಲ್ಲಿ ತೆಗ್ಗು ಭಾಳ ಆಳ ಅದ. ನಾವು ದಿನಾ ದಾಟ್ತೀವಿ, ನಿಮಗ ರೂಢಿ ಇಲ್ಲ."